ಐದು ನಿಮಿಷದ ಮಿತಿ ಯಾರದು? ಯುದ್ಧವಿಮಾನದ ಸಿಮ್ಯುಲೇಟರ್‌ನಲ್ಲಿ ಎಂಜಿನ್ ನಿರ್ವಹಣೆ

ಪ್ರಶ್ನೆ: ನಾನು ಶಿರಸಿಯವನು. ಎರಡನೆಯ ಮಹಾಯುದ್ಧದ ವಿಮಾನಗಳ ಸಿಮ್ಯುಲೇಟರ್‌ನಲ್ಲಿ ಸ್ಪಿಟ್‌ಫೈರ್ ಮಾರ್ಕ್ 9 ಹಾರಿಸುತ್ತೇನೆ. ಎಂಜಿನ್ ನಿರ್ವಹಣೆಯಲ್ಲಿ ಕಂಪ್ಯೂಟರಿನ ಸಹಾಯವನ್ನು ತೆಗೆದುಹಾಕಿದಂದಿನಿಂದ, ಕಾದಾಟ ಶುರುವಾದ ಐದಾರು ನಿಮಿಷಗಳಲ್ಲಿ ಎಂಜಿನ್ ಕೆಟ್ಟು ನಿಲ್ಲುತ್ತಿದೆ. ಮೆಸ್ಸರ್‌ಶ್ಮಿಟ್ 109 ಹಾರಿಸುವ ನನ್ನ ಗೆಳೆಯನಿಗೆ ಈ ತೊಂದರೆಯೇ ಇಲ್ಲ. ಯಾವ ಗೇಜ್ ನೋಡಬೇಕು, ಲಿವರ್‌ಗಳನ್ನು ಯಾವ ಕ್ರಮದಲ್ಲಿ ಸರಿಸಬೇಕು? ನಿಜವಾದ ವಿಮಾನದ ಎಂಜಿನ್ ಕೂಡ ಐದು ನಿಮಿಷಕ್ಕೆ ಒಡೆಯುತ್ತಿತ್ತೇ? ನನ್ನ ಜಾಯ್‌ಸ್ಟಿಕ್‌ನಲ್ಲಿರುವುದು ಒಂದೇ ಥ್ರಾಟಲ್ ಲಿವರ್.

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಬಿಡಿಸಿದರೆ ಉಳಿದವುಗಳ ಗಂಟು ಅರ್ಧ ಸಡಿಲವಾಗುತ್ತದೆ. ಇಲ್ಲ, ನಿಜವಾದ ಎಂಜಿನ್ ಐದು ನಿಮಿಷಕ್ಕೆ ಒಡೆಯುತ್ತಿರಲಿಲ್ಲ. ನೀವು ಹಾರಿಸುವ ಸ್ಪಿಟ್‌ಫೈರಿನ ಮರ್ಲಿನ್ 66 ಎಂಜಿನ್ನಿಗೆ ಪೈಲಟ್‌ಗಳ ಕೈಪಿಡಿಯಲ್ಲಿ ಮೂರು ಮಟ್ಟಗಳನ್ನು ಕೊಟ್ಟಿದ್ದರು. ಆರ್‌ಪಿಎಂ ಎಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು, ಬೂಸ್ಟ್ ಎಂದರೆ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ. ಕಾದಾಟಕ್ಕೆ 3000 ಆರ್‌ಪಿಎಂ ಮತ್ತು +18 ಪೌಂಡ್ ಬೂಸ್ಟ್, ಐದು ನಿಮಿಷ. ಮೇಲೇರುವುದಕ್ಕೆ 2850 ಮತ್ತು +12, ಒಂದು ಗಂಟೆ. ನಿರಂತರ ಹಾರಾಟಕ್ಕೆ 2650 ಮತ್ತು +7, ಕಾಲಮಿತಿ ಇಲ್ಲ. ಇವು ಎಂಜಿನ್ ತನ್ನ ಪೂರ್ಣ ಆಯುಸ್ಸನ್ನು ಮುಗಿಸಿ, ನಿಗದಿಯಾದ ಗಂಟೆಗಳ ನಂತರವೇ ಕಾರ್ಖಾನೆಗೆ ಮರಳಬೇಕು ಎಂಬ ಲೆಕ್ಕದಿಂದ ಹಾಕಿದ ಮಿತಿಗಳು. ಆರನೆಯ ನಿಮಿಷದಲ್ಲಿ ಪಿಸ್ಟನ್ ಕರಗುತ್ತದೆಂದು ಯಾರೂ ಹೇಳಿರಲಿಲ್ಲ. ಆರನೆಯ ನಿಮಿಷದಿಂದ ಸವೆತ ಬೇಗ ಹೆಚ್ಚುತ್ತದೆ, ಇಳಿದ ಮೇಲೆ ಫಿಟ್ಟರ್‌ಗಳಿಗೆ ತಿಳಿಸಬೇಕು ಎಂಬುದಷ್ಟೇ ಅದರ ತಾತ್ಪರ್ಯ. ಅಮೆರಿಕದ ವಿಮಾನಗಳಲ್ಲಿ ಇದಕ್ಕೆ ಸರಳ ಉಪಾಯವೊಂದಿತ್ತು. ತುರ್ತು ಶಕ್ತಿಯ ಜಾಗಕ್ಕೆ ಥ್ರಾಟಲ್ ಹೋಗದಂತೆ ತೆಳುವಾದ ತಂತಿಯೊಂದನ್ನು ಅಡ್ಡ ಕಟ್ಟಿರುತ್ತಿದ್ದರು. ಪೈಲಟ್ ತಂತಿ ಮುರಿದುಕೊಂಡು ಬಂದರೆ ನೆಲದ ಸಿಬ್ಬಂದಿ ಎಂಜಿನ್ನನ್ನು ಪರೀಕ್ಷಿಸುತ್ತಿದ್ದರು.

ಮಿತಿ ಲೋಹದ್ದಲ್ಲ ಎಂಬುದಕ್ಕೆ ಇನ್ನೂ ಬಲವಾದ ಸಾಕ್ಷಿ ಪೆಟ್ರೋಲ್. ಆಕ್ಟೇನ್ ಹೆಚ್ಚಿದಷ್ಟೂ ಪೆಟ್ರೋಲ್ ತಾನಾಗಿ ಸಿಡಿಯದೆ ಹೆಚ್ಚಿನ ಒತ್ತಡವನ್ನು ತಾಳುತ್ತದೆ. 1940ರಲ್ಲಿ ಬ್ರಿಟನ್ನಿನ ಫೈಟರ್ ವಿಮಾನಗಳು 87 ಆಕ್ಟೇನ್ ಬಿಟ್ಟು 100 ಆಕ್ಟೇನ್ ಇಂಧನಕ್ಕೆ ಬದಲಾದಾಗ, ಅದೇ ಮರ್ಲಿನ್ 3 ಎಂಜಿನ್ನಿನ ತುರ್ತು ಬೂಸ್ಟ್ +6¼ ರಿಂದ +12ಕ್ಕೆ ಏರಿತು. 1944ರಲ್ಲಿ 150 ದರ್ಜೆಯ ಇಂಧನ ಬಂದಾಗ, ನಿಮ್ಮ ಮರ್ಲಿನ್ 66 ಸಣ್ಣಪುಟ್ಟ ಮಾರ್ಪಾಡುಗಳೊಂದಿಗೆ +25ರವರೆಗೆ ಹೋಯಿತು. ಅಮೆರಿಕದ ಪಿ-40 ಯುದ್ಧವಿಮಾನದ ಆರಂಭದ ಆಲಿಸನ್ ಎಂಜಿನ್‌ಗಳಲ್ಲಿ ಬೂಸ್ಟನ್ನು ತಡೆದು ಹಿಡಿಯುವ ಸ್ವಯಂಚಾಲಿತ ನಿಯಂತ್ರಕವೇ ಇರಲಿಲ್ಲ. ಆಸ್ಟ್ರೇಲಿಯ ಮತ್ತು ಮಧ್ಯಪ್ರಾಚ್ಯದ ಪೈಲಟ್‌ಗಳು ಬೂಸ್ಟನ್ನು 60 ಇಂಚು (ಅಮೆರಿಕದ ಮಾನ, ವಿವರ ಮುಂದಿದೆ) ದಾಟಿಸಿ ಹಾರಿಸುತ್ತಿದ್ದಾರೆಂದು ಆಲಿಸನ್ ಕಂಪನಿಯೇ 1942ರ ಕೊನೆಯಲ್ಲಿ ಬರೆದಿಟ್ಟಿತ್ತು. ಅವರಲ್ಲಿ ಬಹುಪಾಲು ಜನ ಮನೆಗೆ ಮರಳಿದರು. ಕೆಲವರ ಎಂಜಿನ್ ಕೆಟ್ಟಿತು.

ಹಾಗಾದರೆ ನಿಮ್ಮ ಸಿಮ್ಯುಲೇಟರ್‌ನಲ್ಲಿ ಏಕೆ ಒಡೆಯುತ್ತಿದೆ? ಸಿಮ್ಯುಲೇಟರ್‌ಗಳಲ್ಲಿ ಎರಡು ಜಾತಿ. ಒಂದು ಜಾತಿ ಕೈಪಿಡಿಯ ನಿಮಿಷಗಳನ್ನೇ ಗಡಿಯಾರವಾಗಿ ಮಾಡಿಕೊಂಡು, ಗಡುವು ಮುಗಿದ ಮೇಲೆ ಎಂಜಿನ್ನಿಗೆ ಹಾನಿ ಮಾಡುತ್ತದೆ. ಶಕ್ತಿ ಇಳಿಸಿ ಹಾರಿದರೆ ಆ ಗಡಿಯಾರ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಇನ್ನೊಂದು ಜಾತಿ ತಂಪುದ್ರವದ ಉಷ್ಣತೆ, ಎಣ್ಣೆಯ ಉಷ್ಣತೆ, ಸಿಲಿಂಡರ್ ಒಳಗಿನ ಒತ್ತಡ ಇವುಗಳನ್ನು ಲೆಕ್ಕ ಹಾಕಿ ಹಾನಿಯನ್ನು ನಿರ್ಧರಿಸುತ್ತದೆ. ನಿಮ್ಮದು ಯಾವುದೆಂದು ತಿಳಿಯಲು ಒಂದು ಸಂಜೆ ಸಾಕು. ಶತ್ರುಗಳಿಲ್ಲದ ನಕಾಶೆಯಲ್ಲಿ, ಸಮುದ್ರದ ಮೇಲೆ ಕೆಳಮಟ್ಟದಲ್ಲಿ, ನೇರವಾಗಿ, ವೇಗವಾಗಿ, 3000 ಮತ್ತು +18ರಲ್ಲಿ ಹಾರಿಸಿ ಎಂಜಿನ್ ಕೆಡುವ ಹೊತ್ತನ್ನು ಗುರುತು ಹಾಕಿಕೊಳ್ಳಿ. ಅದೇ ಪ್ರಯೋಗವನ್ನು ಚಳಿಗಾಲದ ನಕಾಶೆಯಲ್ಲಿ ಮಾಡಿ. ಎರಡು ಸಲವೂ ಒಂದೇ ಹೊತ್ತಿಗೆ ಕೆಟ್ಟರೆ ನಿಮ್ಮ ಎದುರಿಗಿರುವುದು ಗಡಿಯಾರ; ಚಳಿಯಲ್ಲಿ ಹೆಚ್ಚು ಬಾಳಿದರೆ ಬಿಸಿಯ ಲೆಕ್ಕ. ಗಡಿಯಾರದ ಜಾತಿಯ ಬಗ್ಗೆ ನನಗೆ ಅಷ್ಟಾಗಿ ಗೌರವವಿಲ್ಲ, ಆದರೆ ಅದರಲ್ಲಿ ಕಲಿತ ಶಿಸ್ತು ಎರಡನೆಯ ಜಾತಿಯಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಈಗ ಗೇಜ್‌ಗಳು. ಬೂಸ್ಟ್ ಎಂದರೆ ಸೂಪರ್‌ಚಾರ್ಜರ್ ಒತ್ತಿ ಕಳುಹಿಸಿದ ಗಾಳಿಗೆ ಸಿಲಿಂಡರ್‌ಗಳ ಬಾಗಿಲಲ್ಲಿರುವ ಒತ್ತಡ. ಬ್ರಿಟಿಷರು ಇದನ್ನು ಸಮುದ್ರಮಟ್ಟದ ವಾಯುಒತ್ತಡಕ್ಕಿಂತ ಎಷ್ಟು ಪೌಂಡ್ ಹೆಚ್ಚು ಎಂದು ಅಳೆದರು, ಅಮೆರಿಕದವರು ಪಾದರಸದ ಇಂಚುಗಳಲ್ಲಿ, ಸೋವಿಯತ್ತಿನವರು ಪಾದರಸದ ಮಿಲಿಮೀಟರ್‌ಗಳಲ್ಲಿ, ಜರ್ಮನ್ನರು ಆಟಾ ಎಂಬ ಮಾನದಲ್ಲಿ. ಈ ಗೇಜ್ ಏನನ್ನು ಹೇಳುತ್ತದೆಂದು ಅರಿಯಲು ನಮ್ಮ ಜಿಲ್ಲೆಯೇ ಒಳ್ಳೆಯ ಪ್ರಯೋಗಶಾಲೆ. ಎಂಜಿನ್ ನಿಂತಿರುವಾಗ ಅಮೆರಿಕದ ಗೇಜು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿದ ವಿಮಾನದಲ್ಲಿ ಅದು ಸುಮಾರು 30 ಇಂಚು ಇರುತ್ತದೆ. ಅದೇ ವಿಮಾನವನ್ನು ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದ ನಿಮ್ಮ ಶಿರಸಿಯಲ್ಲಿ ನಿಲ್ಲಿಸಿದರೆ 28 ಇಂಚಿನ ಹತ್ತಿರ ಬರುತ್ತದೆ. ಘಟ್ಟ ಹತ್ತಿದ್ದಕ್ಕೇ ಎರಡು ಇಂಚು ಹೋಯಿತು. ಏಳೆಂಟು ಸಾವಿರ ಮೀಟರ್ ಎತ್ತರದಲ್ಲಿ ಎಷ್ಟು ಹೋಗುತ್ತದೆಂದು ಊಹಿಸಿಕೊಂಡರೆ, ಸೂಪರ್‌ಚಾರ್ಜರ್ ಏಕೆ ಬೇಕು, ಒಂದು ಎತ್ತರದ ನಂತರ ಥ್ರಾಟಲ್ ಪೂರ್ತಿ ಒತ್ತಿದರೂ ಬೂಸ್ಟ್ ಏಕೆ ಕುಸಿಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ನಿಮ್ಮ +18 ಪೌಂಡ್ ಅಮೆರಿಕದ ಲೆಕ್ಕದಲ್ಲಿ ಸುಮಾರು 67 ಇಂಚು. ನಿಮ್ಮ ಗೆಳೆಯನ ಮೆಸ್ಸರ್‌ಶ್ಮಿಟ್ಟಿನ 1.3 ಆಟಾ ಸುಮಾರು 38 ಇಂಚು ಮಾತ್ರ. ಇಷ್ಟು ಅಂತರ ಏಕೆಂದರೆ, ಮರ್ಲಿನ್ 27 ಲೀಟರ್ ಗಾತ್ರದ ಎಂಜಿನ್ ಆಗಿದ್ದು ಒಳ್ಳೆಯ ಪೆಟ್ರೋಲಿನ ಬಲದಿಂದ ಹೆಚ್ಚು ಗಾಳಿಯನ್ನು ತುರುಕಿಕೊಳ್ಳುತ್ತಿತ್ತು. ಮೆಸ್ಸರ್‌ಶ್ಮಿಟ್ಟಿನ ಡೈಮ್ಲರ್-ಬೆಂಜ್ 605 ಎಂಜಿನ್ 35.7 ಲೀಟರ್ ಗಾತ್ರದ್ದು, ಅದರ ಕಂಪ್ರೆಷನ್ (ಸಿಲಿಂಡರ್ ಒಳಗೆ ಮಿಶ್ರಣವನ್ನು ಅದುಮುವ ಪ್ರಮಾಣ) ಹೆಚ್ಚು, ಬಹುತೇಕ 87 ಆಕ್ಟೇನ್ ಇಂಧನದಲ್ಲಿ ಓಡುತ್ತಿತ್ತು. ಆದ್ದರಿಂದ ಒಂದು ವಿಮಾನದ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕದಲ್ಲಿಟ್ಟು ಯಾರು ಎಂಜಿನ್ನನ್ನು ಹೆಚ್ಚು ದುಡಿಸುತ್ತಿದ್ದಾರೆಂದು ಹೇಳಲಾಗದು.

ಗೆಳೆಯನಿಗೆ ತೊಂದರೆಯಾಗದಿರುವ ಕಾರಣವೂ ಇಲ್ಲಿಯೇ ಇದೆ. ಮೆಸ್ಸರ್‌ಶ್ಮಿಟ್ಟಿನಲ್ಲಿ ಪೈಲಟ್ ಸರಿಸುವುದು ಒಂದೇ ಲಿವರ್. ಆರ್‌ಪಿಎಂ, ರೇಡಿಯೇಟರ್ ಬಾಗಿಲು, ಇಂಧನದ ಮಿಶ್ರಣ, ಸೂಪರ್‌ಚಾರ್ಜರಿನ ವೇಗ ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುತ್ತದೆ. ಜೊತೆಗೆ ಆತ ಹಾರಿಸುತ್ತಿರುವುದು ಜಿ-2 ಮಾದರಿಯಾದರೆ, 1.3 ಆಟಾ ಮತ್ತು 2600 ಆರ್‌ಪಿಎಂ ಮೀರಲು ಅವನಿಗೆ ಅವಕಾಶವೇ ಇರುವುದಿಲ್ಲ, ಮತ್ತು ಆ ಮಟ್ಟಕ್ಕೆ ಇರುವ ಮಿತಿ 30 ನಿಮಿಷ. ಅಂದರೆ ಅವನು ಪೂರ್ತಿ ಒತ್ತಿದಾಗ ಸಿಗುವುದು ನಿಮ್ಮ ಮೇಲೇರುವ ಮಟ್ಟಕ್ಕೆ ಸಮನಾದದ್ದು. ಇದು ವಿನ್ಯಾಸಕಾರರ ಔದಾರ್ಯದಿಂದ ಬಂದ ನೆಮ್ಮದಿಯಲ್ಲ. 605 ಎಂಜಿನ್ ಮೊದಮೊದಲು ಎಷ್ಟು ತೊಂದರೆ ಕೊಟ್ಟಿತೆಂದರೆ, 1.42 ಆಟಾದ ತುರ್ತು ಮಟ್ಟವನ್ನು 1943ರವರೆಗೂ ನಿಷೇಧಿಸಿದ್ದರು. 1942ರ ಸೆಪ್ಟೆಂಬರ್ 30ರಂದು ಜರ್ಮನಿಯ ಹೆಸರಾಂತ ಫೈಟರ್ ಪೈಲಟ್ ಹಾನ್ಸ್-ಯೋಆಖಿಮ್ ಮಾರ್ಸೈ ಉತ್ತರ ಆಫ್ರಿಕಾದಲ್ಲಿ ಸತ್ತದ್ದು ಹೊಸ ಜಿ-2 ವಿಮಾನದ ಎಂಜಿನ್ ಕೆಟ್ಟು ಕಾಕ್‌ಪಿಟ್ ತುಂಬ ಹೊಗೆ ತುಂಬಿದಾಗ. ಹೊರಗೆ ಹಾರಿದ ಅವನಿಗೆ ವಿಮಾನದ ಬಾಲ ಬಡಿಯಿತು, ಪ್ಯಾರಾಚೂಟ್ ತೆರೆಯಲಿಲ್ಲ.

ಲಿವರ್‌ಗಳ ಕ್ರಮಕ್ಕೆ ಬರೋಣ. ಸ್ಪಿಟ್‌ಫೈರ್‌ನಂಥ ವಿಮಾನದಲ್ಲಿ ಥ್ರಾಟಲ್ ಬೂಸ್ಟನ್ನು ನಿರ್ಧರಿಸುತ್ತದೆ, ಪ್ರೊಪೆಲ್ಲರ್ ಲಿವರ್ ಆರ್‌ಪಿಎಂ ಅನ್ನು. ಪ್ರೊಪೆಲ್ಲರಿನ ಅಲಗುಗಳು ತಮ್ಮ ಬುಡದಲ್ಲಿ ತಿರುಚಿಕೊಳ್ಳುತ್ತವೆ. ಗವರ್ನರ್ ಎಂಬ ಭಾಗವು ಅವುಗಳ ಕೋನವನ್ನು ಬದಲಿಸುತ್ತ, ನೀವು ಕೇಳಿದ ಆರ್‌ಪಿಎಂ ಕದಲದಂತೆ ಹಿಡಿದಿಡುತ್ತದೆ. ಕಾರವಾರಕ್ಕೆ ಬಂದಾಗ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ನೌಕೆಯ ಬಳಿ ಇಟ್ಟಿರುವ ಟುಪೊಲೆವ್-142 ವಿಮಾನದ ಪ್ರೊಪೆಲ್ಲರ್‌ಗಳನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಅದು ಟರ್ಬೊಪ್ರಾಪ್, ಅಂದರೆ ಜೆಟ್ ಬಗೆಯ ಎಂಜಿನ್ ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಪಿಸ್ಟನ್ ಎಂಜಿನ್ ಅಲ್ಲ. ಪ್ರತಿ ಎಂಜಿನ್ನಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಪ್ರೊಪೆಲ್ಲರ್‌ಗಳಿವೆ. ಆದರೆ ತತ್ತ್ವ ಒಂದೇ, ತಿರುಗುವ ವೇಗ ಬಹುಮಟ್ಟಿಗೆ ಸ್ಥಿರ, ಬದಲಾಗುವುದು ಅಲಗು ಗಾಳಿಯನ್ನು ಕಚ್ಚುವ ಪ್ರಮಾಣ.

ಈ ಲಿವರ್‌ಗೆ ಕಾರಿನ ಗೇರ್ ಹತ್ತಿರದ ಹೋಲಿಕೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ, ಏಳೆಂಟು ಜನ ತುಂಬಿದ ಹಳೆಯ ಪೆಟ್ರೋಲ್ ವ್ಯಾನನ್ನು ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿ ಹತ್ತಿಸಲು ನೋಡಿದರೆ ಎಂಜಿನ್ನಿನೊಳಗೆ ಕಟಕಟ ಶಬ್ದ ಕೇಳುತ್ತದೆ. ಅದೇ ನಾಕಿಂಗ್. ಕಿಡಿ ಹತ್ತಿಸಿದ ಜ್ವಾಲೆ ಹರಡುವ ಮೊದಲೇ ಉಳಿದ ಮಿಶ್ರಣ ಬಿಸಿ ಮತ್ತು ಒತ್ತಡಕ್ಕೆ ತಾನಾಗಿ ಸಿಡಿಯುತ್ತದೆ. ವ್ಯಾನ್ ಅದನ್ನು ಸಹಿಸಿಕೊಂಡೀತು. 67 ಇಂಚು ಗಾಳಿ ತುಂಬಿದ ಮರ್ಲಿನ್ನಿನಲ್ಲಿ ಅದು ಕೆಲವು ಕ್ಷಣಗಳಲ್ಲಿ ಪಿಸ್ಟನ್ನಿನ ತಲೆಯನ್ನು ತೂತು ಮಾಡಬಲ್ಲದು. ಒಳ್ಳೆಯ ಚಾಲಕ ಮೊದಲು ಗೇರ್ ಇಳಿಸುತ್ತಾನೆ, ಆಮೇಲೆ ಒತ್ತುತ್ತಾನೆ. ಅಂತೆಯೇ ಶಕ್ತಿ ಏರಿಸುವಾಗ ಮೊದಲು ಆರ್‌ಪಿಎಂ, ಅನಂತರ ಬೂಸ್ಟ್. ಇಳಿಸುವಾಗ ಮೊದಲು ಬೂಸ್ಟ್, ಅನಂತರ ಆರ್‌ಪಿಎಂ. ಮಿಶ್ರಣವನ್ನು ಕೈಯಿಂದ ಸರಿಪಡಿಸುವ ವಿಮಾನವಾದರೆ ಏರಿಸುವಾಗ ಎಲ್ಲಕ್ಕಿಂತ ಮೊದಲು ಮಿಶ್ರಣವನ್ನು ಗಟ್ಟಿ ಮಾಡಬೇಕು, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸಬೇಕು. ನಿಮ್ಮ ಎಂಜಿನ್ ಕೆಡುತ್ತಿರುವುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. 2650ರಲ್ಲಿ ಹಾರುತ್ತಿದ್ದವರು ಶತ್ರುವನ್ನು ಕಂಡ ಕೂಡಲೇ ಥ್ರಾಟಲ್ ಮಾತ್ರ ಕೊನೆಯವರೆಗೆ ತಳ್ಳಿದರೆ, +18 ಬೂಸ್ಟ್ 2650 ಆರ್‌ಪಿಎಂ ಮೇಲೆ ಬೀಳುತ್ತದೆ, ಮತ್ತು ಬಿಸಿಯ ಲೆಕ್ಕ ಹಾಕುವ ಸಿಮ್ಯುಲೇಟರ್ ಅದನ್ನು ಕ್ಷಮಿಸುವುದಿಲ್ಲ.

ಇದರ ಹಿಂದೆ ಒಂದು ತಪ್ಪು ನಂಬಿಕೆಯೂ ಬೆಳೆದಿದೆ. ಕಡಿಮೆ ಆರ್‌ಪಿಎಂ ಎಂದಾಕ್ಷಣ ಎಂಜಿನ್ನಿಗೆ ಕೆಡುಕು ಎಂದುಕೊಂಡು ಹಲವರು ಇಡೀ ಹೊತ್ತು 3000ದಲ್ಲಿಯೇ ಹಾರುತ್ತಾರೆ. ಕೈಪಿಡಿ ಹೇಳುವುದು ಬೇರೆ. ದೂರ ಹಾರಬೇಕಾದಾಗ ಬೂಸ್ಟನ್ನು +7ರ ಒಳಗಿಟ್ಟು ಆರ್‌ಪಿಎಂ ಅನ್ನು 1800ರವರೆಗೂ ಇಳಿಸಬಹುದು. ಕೆಡುಕಾಗುವುದು ಆ ಆರ್‌ಪಿಎಂಗೆ ಒಪ್ಪಿದ ಬೂಸ್ಟನ್ನು ಮೀರಿದಾಗ ಮಾತ್ರ. ಹೆಚ್ಚಿನ ಆರ್‌ಪಿಎಂಗೂ ಅದರದೇ ಬೆಲೆಯಿದೆ. ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಎಳೆಯುವ ಬಲ ಆರ್‌ಪಿಎಂನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 2650ರಿಂದ 3000ಕ್ಕೆ ಹೋದಾಗ ವೇಗ ಹೆಚ್ಚಿದ್ದು ನೂರಕ್ಕೆ 13 ಮಾತ್ರ, ಆದರೆ ಬೇರಿಂಗ್‌ಗಳ ಮೇಲಿನ ಆ ಹೊರೆ ನೂರಕ್ಕೆ 28ರಷ್ಟು ಹೆಚ್ಚುತ್ತದೆ. ಸ್ಪಿಟ್‌ಫೈರ್ 9ರ ಒಡಲಿನ ಟ್ಯಾಂಕುಗಳಲ್ಲಿ ಹಿಡಿಯುವುದು 85 ಗ್ಯಾಲನ್, ಅಂದರೆ 386 ಲೀಟರ್ ಎಂಬುದೂ ನೆನಪಿರಲಿ. ಸದಾ 3000ದಲ್ಲಿ ಹಾರುವವರಿಗೆ ಎಂಜಿನ್ ಕೆಡುವ ಮೊದಲೇ ಪೆಟ್ರೋಲ್ ಮುಗಿಯುವುದುಂಟು.

ಬಿಸಿಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹುತೇಕ ಎಂಜಿನ್‌ಗಳು ಕೆಡುವುದು ಇಲ್ಲಿಯೇ. ಮರ್ಲಿನ್ 66ರ ತಂಪುದ್ರವಕ್ಕೆ ಕಾದಾಟದಲ್ಲಿ 135 ಡಿಗ್ರಿ, ಮೇಲೇರುವಾಗ 125 ಡಿಗ್ರಿ ಮಿತಿ. ಎಣ್ಣೆಗೆ ಕಾದಾಟದಲ್ಲಿ 105, ಉಳಿದಂತೆ 90. ದ್ರವವು ಒತ್ತಡದಲ್ಲಿದ್ದು ಗ್ಲೈಕಾಲ್ ಬೆರೆತಿರುವುದರಿಂದ ನೂರು ದಾಟಿದರೂ ಕುದಿಯುವುದಿಲ್ಲ, ಆದರೆ ಗುಂಡು ಬಿದ್ದು ಒತ್ತಡ ಹೋದರೆ ಕ್ಷಣದಲ್ಲಿ ಕುದಿಯುತ್ತದೆ. ರೇಡಿಯೇಟರ್ ಕೆಲಸ ಮಾಡುವುದು ಅದರ ಮೂಲಕ ಹಾಯುವ ಗಾಳಿಯಿಂದ, ಗಾಳಿ ಬರುವುದು ವಿಮಾನದ ವೇಗದಿಂದ. ಕಾದಾಟದಲ್ಲಿ ಮೂಗೆತ್ತಿ ಸುತ್ತುತ್ತ ಸುತ್ತುತ್ತ ವೇಗ ಕಳೆದುಕೊಂಡ ಪೈಲಟ್ ಪೂರ್ಣ ಶಕ್ತಿಯನ್ನು ಬಳಸುತ್ತಿರುತ್ತಾನೆ, ಗಾಳಿ ಮಾತ್ರ ಅರ್ಧವೂ ಇರುವುದಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್ ನಡೆಸುವವರನ್ನು ಕೇಳಿದರೆ, ಸಮುದ್ರದ ನೀರು ಒಳಗೆಳೆಯುವ ಕೊಳವೆಗೆ ಕಸ ಕಟ್ಟಿದ ದಿನ ಅದೇ ಎಂಜಿನ್ ಅದೇ ಕೆಲಸಕ್ಕೆ ಹೇಗೆ ಕಾಯುತ್ತದೆಂದು ಹೇಳಿಯಾರು. ನೀವು ನಿಧಾನವಾದಾಗ ನಿಮ್ಮ ರೇಡಿಯೇಟರಿಗೂ ಆಗುವುದು ಅದೇ.

ಆದ್ದರಿಂದ ಸೂಜಿ ಮಿತಿಯ ಕಡೆಗೆ ಏರಿದಾಗ ಮಾಡಬೇಕಾದ ಮೊದಲ ಕೆಲಸ ಮೂಗನ್ನು ತಗ್ಗಿಸಿ ವೇಗ ಗಳಿಸುವುದು, ಎರಡನೆಯದು ಬೂಸ್ಟನ್ನು +12ಕ್ಕೆ ಇಳಿಸುವುದು. ಸ್ಪಿಟ್‌ಫೈರ್ 9ರಲ್ಲಿ ರೇಡಿಯೇಟರ್ ಬಾಗಿಲು ಸುಮಾರು 115 ಡಿಗ್ರಿಯಲ್ಲಿ ತಾನಾಗಿ ತೆರೆಯುವುದರಿಂದ ಅದರಲ್ಲಿ ನೀವು ಮಾಡುವುದು ಹೆಚ್ಚೇನಿಲ್ಲ. ಯಾಕ್-1ರಂಥ ಸೋವಿಯತ್ ವಿಮಾನದಲ್ಲಿ ನೀರಿನ ಮತ್ತು ಎಣ್ಣೆಯ ರೇಡಿಯೇಟರ್‌ಗಳೆರಡೂ ಪೈಲಟ್ಟನ ಪಾಲಿಗೇ ಬರುತ್ತವೆ; ಪೂರ್ತಿ ತೆರೆದರೆ ವೇಗ ಹೋಗುತ್ತದೆ, ಮುಚ್ಚಿದರೆ ಎಂಜಿನ್ ಹೋಗುತ್ತದೆ, ಹೀಗಾಗಿ ಕಾದಾಟಕ್ಕೆ ಮುಂಚೆಯೇ ತೆರೆದು ತಂಪು ಮಾಡಿಕೊಂಡು, ಬೆನ್ನಟ್ಟುವಾಗ ಮುಚ್ಚುವುದು ಅಲ್ಲಿನ ಜಾಣತನ. ಸಿಮ್ಯುಲೇಟರ್ ಋತುಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಾದರೆ, ಕಾರವಾರದ ಏಪ್ರಿಲ್ ತಿಂಗಳಿನಂಥ 33 ಡಿಗ್ರಿಯ ದಿನದಲ್ಲಿ 15 ಡಿಗ್ರಿಯ ಪ್ರಮಾಣಿತ ದಿನಕ್ಕಿಂತ ನಿಮಗಿರುವ ಅವಕಾಶ 18 ಡಿಗ್ರಿ ಕಡಿಮೆ. ಬರ್ಮಾ ರಂಗದಲ್ಲಿ ಸ್ಪಿಟ್‌ಫೈರ್ 8 ಹಾರಿಸಿದ ಭಾರತೀಯ ಪೈಲಟ್‌ಗಳಿಗೆ ಇದು ದಿನನಿತ್ಯದ ಮಾತಾಗಿತ್ತು.

ನೆಲದ ಮೇಲಿನ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎಣ್ಣೆ 15 ಡಿಗ್ರಿ, ತಂಪುದ್ರವ 60 ಡಿಗ್ರಿ ಆಗುವವರೆಗೆ ಪೂರ್ಣ ಶಕ್ತಿ ಕೊಡಬಾರದು. ಆದರೆ ಅಲ್ಲಿಗೆ ತಲುಪಿದ ಮೇಲೆ ತಡಮಾಡಲೂಬಾರದು. ನೆಲದಲ್ಲಿ ನಿಂತ ಸ್ಪಿಟ್‌ಫೈರಿನ ರೇಡಿಯೇಟರಿಗೆ ಗಾಳಿಯೇ ಸಾಲದು. ಬಹಳ ಹೊತ್ತು ಮಂದಗತಿಯಲ್ಲಿ ಓಡಿಸಿದರೆ ಪೆಟ್ರೋಲಿನಲ್ಲಿರುವ ಸೀಸ ಸ್ಪಾರ್ಕ್ ಪ್ಲಗ್‌ಗಳ ಮೇಲೆ ಕಟ್ಟಿಕೊಳ್ಳುತ್ತದೆ, ಕಡಿಮೆ ಶಕ್ತಿಯ ದೀರ್ಘ ಹಾರಾಟದಲ್ಲಿಯೂ ಆಗಾಗ ಆರ್‌ಪಿಎಂ ಏರಿಸಿ ಅದನ್ನು ಸುಟ್ಟು ಕಳೆಯಬೇಕು.

ಮುಂದೆ ಬೇರೆ ವಿಮಾನಕ್ಕೆ ಹೋದಾಗ ಮೊದಲು ಕೇಳಿಕೊಳ್ಳಬೇಕಾದ್ದು, ಅದರಲ್ಲಿ ಯಂತ್ರ ಎಷ್ಟು ಕೆಲಸ ಮಾಡುತ್ತದೆ, ಪೈಲಟ್‌ಗೆ ಎಷ್ಟು ಉಳಿಯುತ್ತದೆ ಎಂಬುದನ್ನು. ಪಿ-51ಡಿ ವಿಮಾನದಲ್ಲಿ ನಿಮ್ಮ ಮರ್ಲಿನ್ನಿನ ಅಮೆರಿಕದ ತಮ್ಮನೇ ಇದೆ. 61 ಇಂಚು 15 ನಿಮಿಷ, ತಂತಿ ಮುರಿದರೆ 67 ಇಂಚು 5 ನಿಮಿಷ, ಎರಡೂ 3000 ಆರ್‌ಪಿಎಂನಲ್ಲಿ, ನಿರಂತರಕ್ಕೆ 46 ಇಂಚು 2700ರಲ್ಲಿ. ಜರ್ಮನಿಯ ಫೋಕೆ-ವುಲ್ಫ್ 190 ಒಂದೇ ಲಿವರಿನದು. ಅಮೆರಿಕದ ಪಿ-47ರಲ್ಲಿ ಪ್ರೊಪೆಲ್ಲರ್, ಥ್ರಾಟಲ್ ಜೊತೆಗೆ ಎಂಜಿನ್ ಹೊರಬಿಡುವ ಹೊಗೆಯಿಂದ ತಿರುಗುವ ಟರ್ಬೊ ಸೂಪರ್‌ಚಾರ್ಜರ್ ಬೇರೆ, ಅದಕ್ಕೂ ತನ್ನದೇ ವೇಗಮಿತಿ. ಕಲಿಯುವವರು ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಹಳೆಯ ಸ್ಪಿಟ್‌ಫೈರ್ ಮಾರ್ಕ್ 1 ಹಾರಿಸಿದರೆ, ಮೂಗನ್ನು ಥಟ್ಟನೆ ಕೆಳಗೆ ನೂಕಿದಾಗ ಎಂಜಿನ್ ಕೆಮ್ಮಿ ನಿಲ್ಲುವುದನ್ನು ಕಂಡು ಹಾನಿಯಾಯಿತೆಂದು ಹೆದರಬೇಡಿ. ಅದು ಕಾರ್ಬ್ಯುರೇಟರಿನ ತೇಲುಗುಂಡಿನ ದೋಷ. 1941ರಲ್ಲಿ ಬಿಯಾಟ್ರಿಸ್ ಶಿಲಿಂಗ್ ಎಂಬ ಎಂಜಿನಿಯರ್ ಸಣ್ಣ ತೂತಿನ ಬಿಲ್ಲೆಯೊಂದನ್ನು ಇಂಧನದ ದಾರಿಯಲ್ಲಿಟ್ಟು ಅದನ್ನು ಬಹುಮಟ್ಟಿಗೆ ಹಿಡಿತಕ್ಕೆ ತಂದರು. ನಿಮ್ಮ ಮಾರ್ಕ್ 9ರ ಮರ್ಲಿನ್ 66ರಲ್ಲಿ ಬೇರೆ ಬಗೆಯ ಕಾರ್ಬ್ಯುರೇಟರ್ ಇರುವುದರಿಂದ ಆ ಕೆಮ್ಮಿಲ್ಲ.

ಇನ್ನು ಒಂದೇ ಲಿವರಿನ ಜಾಯ್‌ಸ್ಟಿಕ್. ಆ ಲಿವರನ್ನು ಥ್ರಾಟಲ್‌ಗೇ ಬಿಡಿ. ಆರ್‌ಪಿಎಂ ಅನ್ನು ಸ್ಟಿಕ್ಕಿನ ತಲೆಯ ಮೇಲಿರುವ ಎರಡು ಬಟನ್‌ಗಳಿಗೆ ಕೊಡಿ, ಒಂದು ಏರಿಸಲು, ಒಂದು ಇಳಿಸಲು. ಕೀಬೋರ್ಡಿಗೆ ಕೊಟ್ಟರೆ ಕಾದಾಟದ ನಡುವೆ ಕೈ ಅಲ್ಲಿಗೆ ಹೋಗುವುದಿಲ್ಲ, ನೀವು ಮತ್ತೆ ಥ್ರಾಟಲ್ ಮಾತ್ರ ತಳ್ಳುತ್ತೀರಿ. ಲಿವರಿನ ಪಕ್ಕದಲ್ಲಿ ಸಣ್ಣ ಕಾಗದದ ಪಟ್ಟಿ ಅಂಟಿಸಿ +7 ಮತ್ತು +12 ಬರುವ ಜಾಗಗಳಿಗೆ ಗೆರೆ ಎಳೆಯಿರಿ, ನಾನು ಹಾಗೆಯೇ ಮಾಡಿಕೊಂಡಿದ್ದೇನೆ. ಎತ್ತರದಲ್ಲಿ ಆ ಗೆರೆಗಳು ಸರಿಯುತ್ತವೆ, ಆದರೂ ಕೆಳಮಟ್ಟದ ಕಾದಾಟದಲ್ಲಿ ಗೇಜಿಗಿಂತ ಬೆರಳೇ ಬೇಗ ತಿಳಿಯುತ್ತದೆ. ಮೊದಲ ವಾರ ಗುಂಡು ಹಾರಿಸುವ ಗೋಜಿಗೆ ಹೋಗಬೇಡಿ. 2650 ಮತ್ತು +7ರಿಂದ 3000 ಮತ್ತು +18ಕ್ಕೆ, ಅಲ್ಲಿಂದ 2850 ಮತ್ತು +12ಕ್ಕೆ, ಮರಳಿ 2650ಕ್ಕೆ, ಕಣ್ಣು ಹೊರಗೇ ಇದ್ದು ಕಿವಿಯಿಂದ ಆರ್‌ಪಿಎಂ ಗುರುತಿಸುವಷ್ಟಾಗುವವರೆಗೆ ಏರಿಳಿಸುತ್ತಿರಿ. ಇಳಿಯಲು ಕೊನೆಯ ತಿರುವು ಪಡೆದಾಗ ಆರ್‌ಪಿಎಂ ಅನ್ನು ಮುಂದಕ್ಕೆ ಏರಿಸಿಟ್ಟುಕೊಳ್ಳುವುದನ್ನು ಇದರೊಂದಿಗೇ ರೂಢಿಸಿಕೊಳ್ಳಿ, ಏಕೆಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇಳಬೇಕಾಗಿ ಬಂದರೆ ಆಗ ನಿಮ್ಮ ಕೈ ಹೋಗುವುದು ಥ್ರಾಟಲ್ ಒಂದರ ಮೇಲೆ ಮಾತ್ರ.